ಬುಲೆಟ್ ಕ್ಲಚ್ ನಂದಿ ಏರಿನಲ್ಲಿ ಜಾರುತ್ತದೆ, ಸರ್ಕಲ್‌ನಲ್ಲಿ ಬಿಡುವುದೇ ಇಲ್ಲ

ಶಿಡ್ಲಘಟ್ಟ ಸವಾರ:

ಎಲ್ಲರಿಗೂ ನಮಸ್ಕಾರ. ಅಪ್ಪನ 1978ರ ಬುಲೆಟ್ 350 ಈಗ ನನ್ನ ಕೈಗೆ ಬಂದಿದೆ. ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್ ಇರುವ ಹಳೇ ಗಾಡಿ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಅಪ್ಪ ರೇಷ್ಮೆಗೂಡಿನ ಚೀಲಗಳನ್ನು ತರುತ್ತಿದ್ದದ್ದು ಇದರ ಮೇಲೆಯೇ. ಅವರು ಹೋದ ಮೇಲೆ ಆರು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಇಂಜಿನ್ ಈಗ ಚೆನ್ನಾಗಿದೆ, ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ತೊಂದರೆ ಇರುವುದು ಅಲ್ಲಿಂದ ಹಿಂದಕ್ಕೆ.

ಮೊದಲು ಶುರುವಾದದ್ದು ಇದು. ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ. ಚಿಕ್ಕಬಳ್ಳಾಪುರದ ಶಿಡ್ಲಘಟ್ಟ ಸರ್ಕಲ್‌ನಲ್ಲಿ ನಿಂತರೆ ನ್ಯೂಟ್ರಲ್ ಸಿಗುವುದೇ ಇಲ್ಲ. ಒಂದನೇ ಗೇರ್ ಹಾಕಿದರೆ ಕಟಕ್ ಅಂತ ಇಡೀ ಗಾಡಿ ಅದುರುತ್ತದೆ. ಅದಕ್ಕೆ ನಾನೇ ಕೇಬಲ್ ಬಿಗಿ ಮಾಡಿದೆ. ನ್ಯೂಟ್ರಲ್ ಸ್ವಲ್ಪ ಸುಧಾರಿಸಿತು.

ಹೋದ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ನಂದಿ ಬೆಟ್ಟ ಹತ್ತಿದೆ. ಅರ್ಧ ದಾರಿಯಲ್ಲಿ ಮೂರನೇ ಗೇರ್‌ನಲ್ಲಿ ಎಕ್ಸಲೇಟರ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಸುಟ್ಟ ವಾಸನೆ ಬೇರೆ. ಎರಡು ಕಡೆ ನಿಲ್ಲಿಸಿ ಆರಲು ಬಿಟ್ಟು ಹತ್ತಿಸಿದೆ. ಇನ್ನೊಂದು, ಎಕ್ಸಲೇಟರ್ ಬಿಟ್ಟು ಮತ್ತೆ ಕೊಟ್ಟಾಗ ಹಿಂದೆ ಎಲ್ಲೋ ಟಕ್ ಅನ್ನುತ್ತದೆ.

ಮೆಕ್ಯಾನಿಕ್ಕಿಗೆ ತೋರಿಸಿದೆ. ಕ್ಲಚ್ ಸೆಟ್, ಎರಡೂ ಚೈನು, ಸ್ಪ್ರಾಕೆಟ್ ಎಲ್ಲಾ ಬದಲಾಯಿಸಬೇಕು ಅಂದರು, ಬಿಚ್ಚಿ ನೋಡಲಿಲ್ಲ. ದುಡ್ಡು ಖರ್ಚು ಮಾಡಲು ಬೇಜಾರಿಲ್ಲ. ಆದರೆ ಕೆಟ್ಟಿರುವುದು ಯಾವುದು ಅಂತ ಗೊತ್ತಾಗಬೇಕು. ಎಲ್ಲಿಂದ ಶುರು ಮಾಡಲಿ?

ಕೋಲಾರದ ಕಾಸ್ಟ್ ಐರನ್:

ತಮ್ಮಾ, ಸದ್ಯಕ್ಕೆ ಏನೂ ಕೊಳ್ಳಬೇಡ. ನೀನು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇವೆ. ಕ್ಲಚ್ ಬಿಡದೇ ಇರುವುದು ಒಂದು. ಜಾರುವುದು ಅದಕ್ಕೆ ಪೂರ್ತಿ ಉಲ್ಟಾ. ಟಕ್ ಅನ್ನುವುದು ಇವೆರಡಕ್ಕೂ ಸಂಬಂಧ ಇಲ್ಲದ್ದು ಇರಬಹುದು.

ಕ್ಲಚ್ ಬಿಡುತ್ತಿರಲಿಲ್ಲ, ನೀನು ಕೇಬಲ್ ಎಳೆದು ಬಿಗಿ ಮಾಡಿದೆ. ಹ್ಯಾಂಡಲ್ ಲಿವರ್‌ನಲ್ಲಿ ಈಗ ಸಡಿಲ ಇದೆಯಾ? ಎರಡು ಮೂರು ಮಿಲಿಮೀಟರ್ ಸುಮ್ನೆ ಆಡಬೇಕು, ಆಮೇಲೆ ಬಿಗಿ ಸಿಗಬೇಕು. ಅದಿಲ್ಲ ಅಂದರೆ ಒಳಗಿನ ರಾಡ್, ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟನ್ನು ಯಾವಾಗಲೂ ತಳ್ಳುತ್ತಲೇ ಇರುತ್ತದೆ. ನೀನು ಇಡೀ ದಾರಿ ಅರ್ಧ ಕ್ಲಚ್ ಹಿಡಿದೇ ಬೆಟ್ಟ ಹತ್ತಿದ ಹಾಗೆ. ನಂದಿಯಲ್ಲಿ ಜಾರದೇ ಇನ್ನೇನಾಗುತ್ತದೆ?

ಕಿಕ್ಕರ್‌ನಿಂದಲೇ ಪರೀಕ್ಷೆ ಮಾಡಬಹುದು. ಈ ಗಾಡಿಯಲ್ಲಿ ಕಿಕ್ಕಿನ ಬಲ ಗೇರ್ ಬಾಕ್ಸ್‌ನಿಂದ ಕ್ಲಚ್ ಮೂಲಕವೇ ಇಂಜಿನ್ನಿಗೆ ಹೋಗುತ್ತದೆ. ನ್ಯೂಟ್ರಲ್‌ನಲ್ಲಿಟ್ಟು, ಇಗ್ನಿಷನ್ ಆಫ್ ಮಾಡಿ, ಕಂಪ್ರೆಷನ್, ಅಂದರೆ ಇಂಜಿನ್ ಒಳಗಿನ ಗಾಳಿಯ ಬಿಗಿ, ಕಾಲಿಗೆ ಸಿಗುವ ತನಕ ಕಿಕ್ಕರ್ ಇಳಿಸು. ಆಮೇಲೆ ಅದರ ಮೇಲೆ ನಿಧಾನವಾಗಿ ಭಾರ ಬಿಡು. ಇಂಜಿನ್ ತಿರುಗದೆ ಕಿಕ್ಕರ್ ಮೆತ್ತಗೆ ಕೆಳಗೆ ಜಾರಿದರೆ ಕ್ಲಚ್ ಹಿಡಿಯುತ್ತಿಲ್ಲ. ಕರಕರ ಅಂತ ಹಲ್ಲು ಹಾರಿದ ಸದ್ದು ಬಂದರೆ ಅದು ಕಿಕ್ಕರ್‌ನ ಹಲ್ಲಿನ ಚಕ್ರ (ರಾಚೆಟ್), ಕ್ಲಚ್ ಅಲ್ಲ. ಇನ್ನು ಕ್ಲಚ್ ಹಿಡಿದು ಕಿಕ್ ಮಾಡಿದರೆ ಕಾಲಿಗೆ ಕಂಪ್ರೆಷನ್ ತಾಗಬಾರದು. ತಾಗಿದರೆ ಪ್ಲೇಟುಗಳು ಬಿಡುತ್ತಿಲ್ಲ ಅಂತ ಅರ್ಥ. ದಿನಾ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಹೀಗೆ ಕ್ಲಚ್ ಹಿಡಿದು ನಾಲ್ಕು ಸಲ ಕಿಕ್ ಮಾಡು. ರಾತ್ರಿ ಅಂಟಿಕೊಂಡ ಪ್ಲೇಟು ಬಿಡುತ್ತದೆ.

ಟಕ್ ಸದ್ದಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಇರುವಾಗಲೇ ಟಾಪ್ ಗೇರ್‌ಗೆ ಹಾಕಿ, ಹಿಂದಿನ ಚಕ್ರ ಹಿಡಿದು ಹಿಂದೆ ಮುಂದೆ ಆಡಿಸು. ಸ್ಪ್ರಾಕೆಟ್ ನಿಂತಿದ್ದು ಚಕ್ರ ಮಾತ್ರ ಆಡಿದರೆ ಹಿಂದಿನ ಚಕ್ರದ ಡ್ರಮ್ ಒಳಗಿನ ರಬ್ಬರ್ ಹೋಗಿದೆ.

ತುಮಕೂರು ಯೆಜ್ಡಿ:

ಪ್ರೈಮರಿ ಕೇಸ್‌ನಲ್ಲಿ, ಅಂದರೆ ಕ್ಲಚ್ಚೂ ಇಂಜಿನ್‌ನಿಂದ ಅದಕ್ಕೆ ಬರುವ ಪ್ರೈಮರಿ ಚೈನೂ ಇರುವ ಪೆಟ್ಟಿಗೆಯಲ್ಲಿ, ಯಾವ ಆಯಿಲ್ ಇದೆ ಸರ್? ಇದನ್ನು ಕೇಳಲು ಕಾರಣ ಇದೆ. ನನ್ನ ಯೆಜ್ಡಿಯಲ್ಲಿ ಕ್ಲಚ್ಚಿಗೂ ಗೇರ್ ಬಾಕ್ಸಿಗೂ ಒಂದೇ ಆಯಿಲ್. ಕಾರಿಗೆ ತಂದದ್ದು ಉಳಿದಿತ್ತು, ಒಳ್ಳೇದೇ ಅಲ್ವಾ ಅಂತ ಸುರಿದೆ. ಹೊಸ ಪ್ಲೇಟು ಒಂದೇ ವಾರಕ್ಕೆ ಜಾರಲು ಶುರು. ಈಗಿನ ಕಾರ್ ಆಯಿಲ್‌ಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ಮದ್ದು ಸೇರಿಸಿರುತ್ತಾರೆ. ಆಯಿಲ್‌ನಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್ಚಿಗೆ ಆ ಉಜ್ಜಾಟವೇ ಬೇಕು. ಡಬ್ಬಿ ಮೇಲೆ ಜಾಸೋ ಎಂಎ (JASO MA, ಇಂಥ ಕ್ಲಚ್ಚಿಗೆ ಹೊಂದುವ ಆಯಿಲ್ಲಿನ ಗುರುತು) ಅಂತ ಇರುವ ಬೈಕ್ ಆಯಿಲ್ ತಗೊಳ್ಳಿ. ಎಂಬಿ (MB) ಅಂತ ಇದ್ದರೆ ಬೇಡ.

ಚಿಂತಾಮಣಿ ಗ್ಯಾರೇಜ್:

ಬಿಚ್ಚುವುದಾದರೆ ಒಂದು ಮಾತು. ಕವರ್ ತೆಗೆದ ಮೇಲೆ ಯಾರಾದರೂ ಕ್ಲಚ್ ಲಿವರ್ ಹಿಡಿಯಲಿ, ನೀವು ಪ್ರೆಷರ್ ಪ್ಲೇಟನ್ನೇ ನೋಡಿ. ಸುತ್ತಲೂ ಒಂದೇ ಸಮ ಹೊರಗೆ ಬರಬೇಕು. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಬಂದರೆ ಸ್ಪ್ರಿಂಗ್ ಸಮ ಇಲ್ಲ. ನ್ಯೂಟ್ರಲ್ ಸಿಗದೇ ಇರಲು ಇದೂ ಕಾರಣ ಆಗುತ್ತದೆ. ಕಬ್ಬಿಣದ ಪ್ಲೇಟುಗಳನ್ನು ಕಿಟಕಿ ಗಾಜಿನ ಮೇಲಿಟ್ಟು ಬಾಗಿವೆಯಾ ನೋಡಿ. ಕ್ಲಚ್ ಡ್ರಮ್ಮಿನಲ್ಲಿ ಪ್ಲೇಟು ಕೂರುವ ಸೀಳುಗಳೊಳಗೆ ಬೆರಳಿನ ಉಗುರು ಆಡಿಸಿ. ಮೆಟ್ಟಿಲು ಮೆಟ್ಟಿಲು ಸಿಕ್ಕರೆ ಪ್ಲೇಟು ಅಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ.

ಶಿಡ್ಲಘಟ್ಟ ಸವಾರ:

ಈ ಭಾನುವಾರ ಇಡೀ ದಿನ ಅದರ ಮುಂದೆಯೇ ಕೂತಿದ್ದೆ. ಬರೆಯುತ್ತೇನೆ.

ಅಣ್ಣ ಹೇಳಿದ್ದು ಸರಿ. ಲಿವರ್‌ನಲ್ಲಿ ಸಡಿಲ ಅನ್ನುವುದೇ ಇರಲಿಲ್ಲ. ಕಿಕ್ಕರ್ ಮೇಲೆ ನಿಂತರೆ ಬೆಣ್ಣೆಯ ಮೇಲೆ ಕಾಲಿಟ್ಟ ಹಾಗೆ ಕೆಳಗೆ ಹೋಯಿತು. ಕೇಬಲ್ ಸಡಿಲ ಮಾಡಿದೆ, ಗೇರ್ ಬಾಕ್ಸ್ ಮೇಲಿನ ಸಣ್ಣ ಮುಚ್ಚಳ ತೆಗೆದು ಒಳಗಿನ ಸ್ಕ್ರೂವನ್ನೂ ಸ್ವಲ್ಪ ಹಿಂದಕ್ಕೆ ತಿರುಗಿಸಿದೆ. ಕಿಕ್ಕರ್ ಈಗ ಭಾರ ತಡೆಯಿತು. ಆದರೆ ಜೋರಾಗಿ ತುಳಿದರೆ ಇನ್ನೂ ಸ್ವಲ್ಪ ಜಾರುತ್ತಿತ್ತು, ನ್ಯೂಟ್ರಲ್ ಮತ್ತೆ ಮೊದಲಿನ ಹಾಗೇ ಕಾಣೆ.

ಎಡಗಡೆ ಫುಟ್‌ರೆಸ್ಟ್ ಬಿಚ್ಚಿ, ಮಧ್ಯದ ಒಂದೇ ನಟ್ ಸಡಿಲಿಸಿ ಕವರ್ ತೆಗೆದೆ. ಟ್ರೇಗೆ ಬಿದ್ದ ಆಯಿಲ್ ನಾನು ಹಾಕಿದ್ದಕ್ಕಿಂತ ಜಾಸ್ತಿ ಇತ್ತು, ದಪ್ಪ ಇತ್ತು, ಗೇರ್ ಆಯಿಲ್ಲಿನ ಗಂಧಕದ ವಾಸನೆ ಹೊಡೆಯಿತು. ಹೌದು, ನಾನು ಹಾಕಿದ್ದು ಕಾರ್ ಆಯಿಲ್ಲೇ. ಅದರ ಜೊತೆಗೆ ಗೇರ್ ಬಾಕ್ಸಿನದು ರಾಡ್ ಪಕ್ಕದಿಂದ ಒಳಗೆ ಬಂದಿದೆ ಅನಿಸುತ್ತದೆ.

ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ನೋಡಿದರೆ ಉಜ್ಜುವ ಮುಖ ಗಾಜಿನ ಹಾಗೆ ಹೊಳೆಯುತ್ತಿತ್ತು, ಬೆರಳಿಟ್ಟರೆ ಹಿಡಿತವೇ ಇಲ್ಲ. ಕಬ್ಬಿಣದ ಪ್ಲೇಟಲ್ಲಿ ಒಂದು ಬಾಗಿತ್ತು. ಗಾಜಿನ ಮೇಲಿಟ್ಟಾಗ ಒಂದು ಅಂಚಿನ ಕೆಳಗೆ ಪೋಸ್ಟ್‌ಕಾರ್ಡ್ ಸಲೀಸಾಗಿ ಹೋಯಿತು. ಡ್ರಮ್ಮಿನಲ್ಲಿ ಉಗುರು ಆಡಿಸಿದೆ. ಮೆಟ್ಟಿಲುಗಳಿವೆ, ಆಳ ಇಲ್ಲ. ಸಣ್ಣ ಅರದಲ್ಲಿ ಸಮ ಮಾಡಿದೆ.

ಎರಡೂ ಬಗೆಯ ಪ್ಲೇಟು ಮತ್ತು ಸ್ಪ್ರಿಂಗ್ ಹೊಸದು ಹಾಕಿದೆ. ಪ್ರೈಮರಿ ಚೈನ್ ಸವೆದಿಲ್ಲ, ಅದನ್ನೇ ಉಳಿಸಿಕೊಂಡೆ. ಹಿಂದಿನ ಚೈನೂ ಸ್ಪ್ರಾಕೆಟ್ಟೂ ಚೆನ್ನಾಗಿವೆ. ಟಕ್ ಅನ್ನುತ್ತಿದ್ದದ್ದು ಹಿಂದಿನ ಚಕ್ರದ ಡ್ರಮ್ ರಬ್ಬರೇ. ಕೈಯಲ್ಲಿ ಹಿಸುಕಿದರೆ ಒಣಗಿದ ಬೆಲ್ಲದ ಹಾಗೆ ಪುಡಿಯಾಯಿತು.

ಒಂದು ವಿಷಯ ಹೇಳಲೇಬೇಕು. ಪ್ರೈಮರಿ ಕವರಿನಲ್ಲಿ ಆಯಿಲ್ ಮಟ್ಟ ನೋಡುವ ಲೆವೆಲ್ ಸ್ಕ್ರೂ ಬಿಚ್ಚಿದಾಗ ಅದರ ಕುತ್ತಿಗೆಗೆ ಕಪ್ಪಗಾದ ದಾರ ಸುತ್ತಿತ್ತು. ಪೆಟ್ರೋಲಿನಲ್ಲಿ ತೊಳೆದೆ. ರೇಷ್ಮೆ. ಆಯಿಲ್ ಸೋರಬಾರದು ಅಂತ ಅಪ್ಪ ಸುತ್ತಿದ್ದರು. ಆ ಸ್ಕ್ರೂ ಬಳಿ ಒಂದು ಹನಿಯೂ ಸೋರಿರಲಿಲ್ಲ. ಸ್ವಲ್ಪ ಹೊತ್ತು ಕೆಲಸ ಬಿಟ್ಟು ಹಾಗೇ ಕೂತುಬಿಟ್ಟೆ.

ಸಂಜೆ ಮುದ್ದೇನಹಳ್ಳಿ ಕಡೆ ಒಂದು ಸುತ್ತು ಹೋಗಿ ಬಂದೆ. ನಿಂತ ಕಡೆ ನ್ಯೂಟ್ರಲ್ ಸಿಗುತ್ತಿದೆ.

ಕೋಲಾರದ ಕಾಸ್ಟ್ ಐರನ್:

ಓದಿ ತುಂಬಾ ಸಂತೋಷ ಆಯಿತು. ಪ್ರೈಮರಿ ಚೈನು ಸುಮಾರು 6 ಮಿಲಿಮೀಟರ್ ಮೇಲೆ ಕೆಳಗೆ ಆಡಬೇಕು. ಒಂದೇ ಜಾಗದಲ್ಲಿ ನೋಡಬೇಡ, ಇಂಜಿನ್ ತಿರುಗಿಸುತ್ತಾ ತುಂಬಾ ಬಿಗಿ ಇರುವ ಜಾಗದಲ್ಲಿ ನೋಡು. ಹೊಸ ಪ್ಲೇಟು ಕೂರುತ್ತಾ ಲಿವರ್‌ನ ಸಡಿಲ ಕಡಿಮೆ ಆಗುತ್ತದೆ. ನೂರು ಕಿಲೋಮೀಟರ್ ಆದ ಮೇಲೆ ಮತ್ತೆ ನೋಡಿಕೋ, ಆಮೇಲೆ ನಂದಿಗೆ ಹೋಗು. ಗೇರ್ ಬಾಕ್ಸ್ ಆಯಿಲ್ ಲೆವೆಲ್ ಮೇಲೆ ಒಂದು ಕಣ್ಣಿರಲಿ. ಅದು ಇನ್ನೂ ಇಳಿಯುತ್ತಿದ್ದರೆ ಬರೆ, ಆ ಸೋರಿಕೆ ನೋಡೋಣ.

ಶಿಡ್ಲಘಟ್ಟ ಸವಾರ:

ಆಗಲಿ ಅಣ್ಣ. ಲೆವೆಲ್ ಸ್ಕ್ರೂಗೆ ಹೊಸ ವಾಷರ್ ಹಾಕಿದ್ದೇನೆ. ಅಪ್ಪನ ದಾರ ಪುಡಿಯಾಗುವ ಹಾಗಿತ್ತು. ಪಕ್ಕದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆಯಿಂದ ಹೊಸ ದಾರ ತಂದು ಎರಡು ಸುತ್ತು ಸುತ್ತಿದೆ.