ಕೂಲೆಂಟ್ ಬದಲಿಸಿದ ಮೇಲೆ ಟೆಂಪರೇಚರ್ ಮುಳ್ಳು ಮೇಲೇರುತ್ತಿದೆ, ಹೀಟರ್‌ನಲ್ಲಿ ತಣ್ಣನೆ ಗಾಳಿ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮದು 2009ರ ಚಿಕ್ಕ ಪೆಟ್ರೋಲ್ ಕಾರು. ಇರುವುದು ಮೂಡಿಗೆರೆ ಹತ್ತಿರ. ಹೋದ ಭಾನುವಾರ ಮನೆಯಲ್ಲೇ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಬದಲಿಸಿದೆ. ಕೆಳಗಿನ ಹೋಸ್ ಬಿಚ್ಚಿ ಹಳೆಯದನ್ನು ಬಸಿದೆ. ಹೋಸ್ ಮತ್ತೆ ಹಾಕಿ, ನೀರು ಬೆರೆಸುವ ಅಗತ್ಯ ಇಲ್ಲದ ರೆಡಿ ಕೂಲೆಂಟನ್ನು ರೇಡಿಯೇಟರ್ ಬಾಯಿ ತನಕ ತುಂಬಿಸಿ ಕ್ಯಾಪ್ ಮುಚ್ಚಿದೆ. ಮೂರು ಲೀಟರ್ ಕ್ಯಾನ್ ತಂದಿದ್ದೆ, ಇನ್ನೂ ಸ್ವಲ್ಪ ಉಳಿದಿದೆ.

ಸೋಮವಾರ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಮುಳ್ಳು ಮುಕ್ಕಾಲಿಗೆ ಬಂದಿತ್ತು. ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಇಳಿಯಿತು, ಹೊರಟರೆ ಮತ್ತೆ ಏರಿತು. ಗ್ಲಾಸಿನ ಮಂಜು ಹೋಗಲಿ ಅಂತ ಹೀಟರ್ ಹಾಕಿದರೆ ತಣ್ಣನೆ ಗಾಳಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬೆಚ್ಚಗೆ ಬರುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಎಲ್ಲೂ ಸೋರುತ್ತಿಲ್ಲ. ವಾಟರ್ ಪಂಪ್ ಹೋಯಿತಾ?

ಉತ್ತರ 1:

ಪಂಪ್ ಬಿಚ್ಚಬೇಡಿ ಸರ್. ಮೊದಲು ಒಂದು ಕೆಲಸ ಮಾಡಿ. ಬಸಿದ ಹಳೇ ಕೂಲೆಂಟ್ ಇನ್ನೂ ಇದ್ದರೆ ಅಳೆಯಿರಿ. ಕ್ಯಾನ್‌ನಲ್ಲಿ ಉಳಿದದ್ದನ್ನೂ ಅಳೆಯಿರಿ. ಹೊರಗೆ ಬಂದದ್ದೆಷ್ಟು, ಒಳಗೆ ಹೋದದ್ದೆಷ್ಟು? ಆ ವ್ಯತ್ಯಾಸದಷ್ಟು ಗಾಳಿ ಒಳಗೆ ಕೂತಿದೆ ಅಂತಲೇ ಲೆಕ್ಕ. ಕಾರಿನ ಪುಸ್ತಕದಲ್ಲಿ ಕೊಟ್ಟ ಒಟ್ಟು ಅಳತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹೋಸ್ ಬಿಚ್ಚಿದರೂ ಎಂಜಿನ್ ಬ್ಲಾಕ್‌ನಲ್ಲಿ ಸ್ವಲ್ಪ ಹಳೆಯದು ಉಳಿದೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:

ಅಳೆದೆ. ಬಸಿದದ್ದು ಹತ್ತಿರ ಹತ್ತಿರ 3 ಲೀಟರ್. ಕ್ಯಾನ್‌ನಲ್ಲಿ ಉಳಿದದ್ದು 800 ಮಿಲಿ!

ಉತ್ತರ 1:

ಸಿಕ್ಕಿತಲ್ಲ. ಒಳಗೆ ಮುಕ್ಕಾಲು ಲೀಟರ್‌ಗಿಂತ ಜಾಸ್ತಿ ಗಾಳಿ ಇದೆ. ಬಾಯಿ ತನಕ ತುಂಬಿದ ಹಾಗೆ ಕಂಡದ್ದು ಬರೀ ರೇಡಿಯೇಟರ್. ಎಂಜಿನ್ ತಣ್ಣಗಿದ್ದಾಗ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆಯುವ ವಾಲ್ವ್) ಮುಚ್ಚಿರುತ್ತದೆ, ಅದರ ಆಚೆಗಿನ ಗಾಳಿಗೆ ಹೊರಬರಲು ದಾರಿ ಇರಲಿಲ್ಲ. ಪಂಪ್ ನೀರನ್ನು ತಳ್ಳುತ್ತದೆ, ಗಾಳಿಯನ್ನು ತಳ್ಳಲಾರದು. ಹೀಟರ್‌ಗೆ ಬಿಸಿ ಬರುವುದೂ ಈ ಕೂಲೆಂಟ್‌ನಿಂದಲೇ, ಅದಕ್ಕೇ ನಿಮ್ಮ ಹೀಟರ್ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಬೆಚ್ಚಗಾಗುತ್ತಿದೆ. ಇದು ಸರಿಯಾಗುವ ತನಕ ದಯವಿಟ್ಟು ಕಾರು ಓಡಿಸಬೇಡಿ. ಗಾಳಿ ನಿಂತ ಕಡೆ ಸಿಲಿಂಡರ್ ಹೆಡ್ ವಿಪರೀತ ಕಾದು ಸೊಟ್ಟಗಾದರೆ ಖರ್ಚು ಸಾವಿರಗಳಲ್ಲಿ.

ರಾತ್ರಿಯಿಡೀ ತಣ್ಣಗಾಗಲು ಬಿಡಿ. ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ, ಮುಖಕ್ಕೆ ಆವಿ ಹೊಡೆಯುತ್ತದೆ. ಬೆಳಿಗ್ಗೆ ಮನೆ ಮುಂದೆ ಏರು ಇದ್ದರೆ ಮುಂಭಾಗ ಮೇಲೆ ಬರುವ ಹಾಗೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್. ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿದ್ದರೆ ಗಾಳಿ ತಾನಾಗಿ ಅಲ್ಲಿಗೆ ಬರುತ್ತದೆ. ಶೆಡ್ ಒಳಗೆ ಮಾಡಬೇಡಿ, ಹೊಗೆ ಒಳ್ಳೆಯದಲ್ಲ.

ಒಂದು ಲೀಟರ್ ನೀರಿನ ಬಾಟಲಿಯ ತಳ ಕತ್ತರಿಸಿ. ಅದರ ಕುತ್ತಿಗೆಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ, ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರಿಸಿ. ಅರ್ಧ ಬಾಟಲಿ ಕೂಲೆಂಟ್ ನಿಲ್ಲಲಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಈ ಬಾಟಲಿಯೇ ಮುಖ್ಯ. ಗಾಳಿ ಹೊರಬಂದ ಜಾಗಕ್ಕೆ ಕೂಲೆಂಟ್ ತಕ್ಷಣ ಇಳಿಯುತ್ತದೆ, ಎಂಜಿನ್ ಉಕ್ಕಿಸಿದರೂ ನೆಲಕ್ಕೆ ಚೆಲ್ಲುವುದಿಲ್ಲ.

ಹೀಟರ್ ಪೂರ್ತಿ ಬಿಸಿ ಕಡೆ ತಿರುಗಿಸಿ, ಬ್ಲೋವರ್ ಕಡಿಮೆ ಇಡಿ. ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ ಮೇಲಿನ, ಕೆಳಗಿನ ಹೋಸ್‌ಗಳನ್ನು ಹತ್ತಿಪ್ಪತ್ತು ಸಲ ಹಿಂಡಿ. ಗುಳ್ಳೆ ಬರುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತದೆ ಸುಮ್ನೆ ಐಡಲ್‌ನಲ್ಲಿ ಬಿಡಿ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆಯುತ್ತದೆ. ಮೇಲಿನ ಹೋಸ್ ತಟ್ಟನೆ ಬಿಸಿಯಾದರೆ ತೆರೆಯಿತು ಅಂತ ಅರ್ಥ. ಆಗ ದೊಡ್ಡ ಗುಳ್ಳೆಗಳು ಬರುತ್ತವೆ, ಬಾಟಲಿಯ ಮಟ್ಟ ಸರ್ರನೆ ಇಳಿಯುತ್ತದೆ. ಮುಖ ದೂರ ಇಟ್ಟುಕೊಂಡು ನಿಧಾನ ಸುರಿಯಿರಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಕೈ, ಲುಂಗಿ, ಶಾಲು ಹತ್ತಿರ ಬೇಡ.

ಒಂದು ಎಚ್ಚರ. ಕ್ಯಾಪ್ ಮುಚ್ಚಿದ್ದಾಗ ಒಳಗಿನ ಒತ್ತಡದಿಂದ ಕೂಲೆಂಟ್ ಬೇಗ ಕುದಿಯುವುದಿಲ್ಲ. ಈಗ ಕ್ಯಾಪ್ ಇಲ್ಲ. ಸಾವಿರ ಮೀಟರ್ ಎತ್ತರದಲ್ಲಿ ಬರೀ ನೀರಾದರೆ ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ನೀವಿರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಮುಳ್ಳು ಅರ್ಧ ದಾಟಿದರೆ ಆಫ್ ಮಾಡಿ.

ಫ್ಯಾನ್ ಎರಡು ಸಲ ತಿರುಗಿ ನಿಂತು, ಗುಳ್ಳೆ ನಿಂತು, ಹೀಟರ್ ಐಡಲ್‌ನಲ್ಲೇ ಬಿಸಿ ಗಾಳಿ ಕೊಟ್ಟರೆ ಗಾಳಿ ಹೋಯಿತು. ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಬಾಟಲಿ ತೆಗೆದು ಕ್ಯಾಪ್ ಹಾಕಿ. ರಿಸರ್ವ್ ಟ್ಯಾಂಕ್ (ಹಿಗ್ಗಿದ ಕೂಲೆಂಟ್ ಬಂದು ನಿಲ್ಲುವ ಟ್ಯಾಂಕ್) ಮಿನ್, ಮ್ಯಾಕ್ಸ್ ಗೆರೆಗಳ ನಡುವೆ ಇರಲಿ. ಕೂಲೆಂಟ್ ಸಾಲದೆ ಹೋದರೆ ಬೋರ್ ನೀರು ಹಾಕಬೇಡಿ, ಉಪ್ಪು ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ತನ್ನಿ.

ಉತ್ತರ 2:

ಅಣ್ಣ ಹೇಳಿದ್ದು ರೇಡಿಯೇಟರ್ ಮೇಲೆ ಕ್ಯಾಪ್ ಇರುವ ಕಾರಿಗೆ ಸರಿ. ಕೆಲವು ಕಾರುಗಳಲ್ಲಿ ರೇಡಿಯೇಟರ್ ಕ್ಯಾಪೇ ಇರುವುದಿಲ್ಲ, ಟ್ಯಾಂಕ್ ಮೇಲೇ ಒತ್ತಡದ ಮುಚ್ಚಳ ಇರುತ್ತದೆ. ಅಂಥವಕ್ಕೆ ಟ್ಯಾಂಕ್‌ನಿಂದಲೇ ತುಂಬಬೇಕು. ಥರ್ಮೋಸ್ಟಾಟ್ ಹತ್ತಿರ ಅಥವಾ ಹೀಟರ್ ಹೋಸ್ ಮೇಲೆ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಇದೆಯಾ ನೋಡಿ. ಇದ್ದರೆ ತಣ್ಣಗಿರುವಾಗಲೇ ಸಡಿಲಿಸಿ, ಗುಳ್ಳೆ ಇಲ್ಲದ ಧಾರೆ ಬರುವ ತನಕ ತುಂಬಿ ಮುಚ್ಚಿ. ಪ್ಲಾಸ್ಟಿಕ್ ಸ್ಕ್ರೂ ಆಗಿದ್ದರೆ ಜೋರಾಗಿ ತಿರುಗಿಸಬೇಡಿ.

ಹಳೇ ಕೂಲೆಂಟ್ ತೆರೆದ ಬಕೆಟ್‌ನಲ್ಲಿ ಇಡಬೇಡಿ ಸರ್. ಸಿಹಿಯಾಗಿರುತ್ತದೆ ಅಂತ ನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪ ಕುಡಿದರೂ ಕಿಡ್ನಿ ಹೋಗುತ್ತದೆ.

ಪ್ರಶ್ನೆ ಕೇಳಿದವರು:

ಬಕೆಟ್ ಇವತ್ತೇ ಖಾಲಿ ಮಾಡಿ ಕ್ಯಾನ್‌ಗೆ ತುಂಬಿಸಿದೆ. ಮನೆಯಲ್ಲಿ ಎರಡು ನಾಯಿ ಇವೆ, ಹೇಳಿದ್ದು ದೊಡ್ಡ ಉಪಕಾರ.

ಇನ್ನೊಂದು ಅನುಮಾನ. ಗುಳ್ಳೆ ನಿಲ್ಲದೇ ಹೋದರೆ?

ಉತ್ತರ 1:

ಫ್ಯಾನ್ ನಾಲ್ಕೈದು ಸಲ ತಿರುಗಿದ ಮೇಲೂ ಸಣ್ಣ ಗುಳ್ಳೆ ಒಂದೇ ಸಮ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್, ಎಂಜಿನ್ ಬ್ಲಾಕ್ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. ಕ್ಯಾಪ್ ಹಾಕಿ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಗಟ್ಟಿಯಾದರೂ ಹಾಗೇ. ಆಗ ಬ್ಲಾಕ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಬಾಯಿಯ ಗಾಳಿ ಆ ಟೆಸ್ಟ್‌ನ ನೀಲಿ ದ್ರವವನ್ನು ಹಳದಿ ಮಾಡಿದರೆ ಸಿಲಿಂಡರಿನ ಹೊಗೆ ಕೂಲೆಂಟ್‌ಗೆ ಸೇರುತ್ತಿದೆ ಅಂತ.

ಪ್ರಶ್ನೆ ಕೇಳಿದವರು (ಮೂರು ದಿನದ ನಂತರ):

ಕಣದ ಏರಿನಲ್ಲಿ ನಿಲ್ಲಿಸಿ ಮಾಡಿದೆ. ಹೋಸ್ ಹಿಂಡುವಾಗಲೇ ಕಾಲು ಲೀಟರ್ ಇಳಿಯಿತು. ಥರ್ಮೋಸ್ಟಾಟ್ ತೆರೆದಾಗ ಇನ್ನೂ ಅರ್ಧ ಲೀಟರ್ ಒಂದೇ ಗುಟುಕಿಗೆ ಕುಡಿಯಿತು. ಒಟ್ಟು 750 ಮಿಲಿ. ಹೀಟರ್ ಐಡಲ್‌ನಲ್ಲೇ ಸುಡುವಷ್ಟು ಬಿಸಿ.

ಇವತ್ತು ಚಾರ್ಮಾಡಿ ಇಳಿದು ಉಜಿರೆಗೆ ಹೋಗಿ ವಾಪಸ್ ಹತ್ತಿದೆ. ಮುಳ್ಳು ಅರ್ಧ ದಾಟಲಿಲ್ಲ. ಆದರೆ ತಣ್ಣಗಾದ ಮೇಲೆ ನೋಡಿದರೆ ರಿಸರ್ವ್ ಟ್ಯಾಂಕ್ ಮ್ಯಾಕ್ಸ್ ಗೆರೆಗಿಂತ ಮೇಲಿದೆ, ರೇಡಿಯೇಟರ್ ಬಾಯಿಯಲ್ಲಿ ಎರಡು ಬೆರಳು ಕಡಿಮೆ. ಇದೇನು?

ಉತ್ತರ 1:

ಬಿಸಿಗೆ ಹಿಗ್ಗಿ ಟ್ಯಾಂಕ್‌ಗೆ ಹೋದದ್ದು ತಣ್ಣಗಾದಾಗ ವಾಪಸ್ ಬಂದಿಲ್ಲ. ಅದನ್ನು ವಾಪಸ್ ಒಳಗೆ ಬಿಡುವುದು ಕ್ಯಾಪ್ ಅಡಿಯ ನಡುವೆ ಇರುವ ಚಿಕ್ಕ ವಾಲ್ವ್. ಅದನ್ನು ಎಳೆದು ಬಿಡಿ, ರಬ್ಬರ್ ನೋಡಿ. ಅಂಟಿದ್ದರೆ ಅಥವಾ ಬಿರುಕು ಇದ್ದರೆ ಕ್ಯಾಪ್ ಬದಲಿಸಿ. ಹಳೆಯದರ ಮೇಲೆ ಬರೆದ ಒತ್ತಡದ ಅಂಕಿಯೇ ಹೊಸದರಲ್ಲೂ ಇರಬೇಕು. ಟ್ಯಾಂಕ್‌ಗೆ ಹೋಗುವ ಸಣ್ಣ ಪೈಪ್ ಸೀಳಿದ್ದರೂ ಗಾಳಿ ಎಳೆಯುತ್ತದೆ, ಅದನ್ನೂ ನೋಡಿ.

ಪ್ರಶ್ನೆ ಕೇಳಿದವರು:

ಪೈಪ್ ಚೆನ್ನಾಗಿದೆ. ಕ್ಯಾಪ್ ರಬ್ಬರ್ ಕಲ್ಲಿನ ಹಾಗಾಗಿದೆ, ಅಂಚಿನಲ್ಲಿ ಬಿರುಕೂ ಇದೆ. ನಾಳೆ ಹೊಸದು ತರುತ್ತೇನೆ, ಅಲ್ಲಿಯ ತನಕ ಕಾರು ತೆಗೆಯುವುದಿಲ್ಲ.