ಇಟಾಲಿಯನ್ನಿನ ಇಂಪರ್ಫೆತ್ತೊ: ‘ಮಾಡುತ್ತಿದ್ದೆ’ ಎಂಬಲ್ಲೆಲ್ಲ ಅದೇ ಬರುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಇಟಲಿಯ ತೊರಿನೊ ನಗರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಭಾಷಾ ತರಗತಿಯಲ್ಲಿ ಈಗ ಇಂಪರ್ಫೆತ್ತೊ ಎಂಬ ಭೂತಕಾಲವನ್ನು ಕಲಿಸುತ್ತಿದ್ದಾರೆ. ‘ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡುತ್ತಿದ್ದೆ’ ಎನ್ನಲು ‘ಲವೊರಾವೊ’ ಸಲ್ಲದು, ‘ಓ ಲವೊರಾತೊ’ ಎನ್ನಬೇಕು ಎನ್ನುತ್ತಾರೆ. ಕಾರಣವೇನು? ರೂಪಗಳನ್ನೂ ದಯವಿಟ್ಟು ವಿವರಿಸಿ.

ಉತ್ತರ: ರೂಪಗಳು ಸುಲಭ. ಕ್ರಿಯಾಪದದ ಮೂಲರೂಪದ ಕೊನೆಯ ‘ರೆ’ಯನ್ನು ತೆಗೆದು ಪ್ರತ್ಯಯ ಸೇರಿಸಿದರಾಯಿತು. ‘ಪರ್ಲಾರೆ’, ಅಂದರೆ ಮಾತನಾಡುವುದು, ಹೀಗೆ ನಡೆಯುತ್ತದೆ: ಪರ್ಲಾವೊ, ಪರ್ಲಾವಿ, ಪರ್ಲಾವ, ಪರ್ಲವಾಮೊ, ಪರ್ಲವಾತೆ, ಪರ್ಲಾವನೊ. ಒತ್ತು ಎಲ್ಲಿ ಬೀಳುತ್ತದೆಂಬುದನ್ನು ಗಮನಿಸಿ. ‘ನಾವು’, ‘ನೀವು’ ರೂಪಗಳಲ್ಲಿ ಅದು ‘ವಾ’ ಮೇಲೆ ಬಂದು, ‘ಅವರು’ ರೂಪದಲ್ಲಿ ಮತ್ತೆ ‘ಲಾ’ಗೆ ಮರಳುತ್ತದೆ. ಇರುವಿಕೆಯನ್ನು ಹೇಳುವ ‘ಎಸ್ಸೆರೆ’ ಮಾತ್ರ ಪೂರ್ತಿ ಬೇರೆ ದಾರಿ ಹಿಡಿದು ಏರೊ, ಏರಿ, ಏರ, ಎರವಾಮೊ, ಎರವಾತೆ, ಏರನೊ ಎಂದಾಗುತ್ತದೆ. ‘ಫಾರೆ’, ‘ದೀರೆ’ ಮುಂತಾದವು ತಮ್ಮ ಲ್ಯಾಟಿನ್ ಮೂಲದ ಅಕ್ಷರವನ್ನು ಉಳಿಸಿಕೊಂಡು ಫಚೇವೊ, ದಿಚೇವೊ ಎಂದಾಗುತ್ತವೆ.

ನಿಜವಾದ ಕಷ್ಟ ಬಳಕೆಯಲ್ಲಿದೆ. ದಿನವೂ ನಡೆಯುತ್ತಿದ್ದುದು, ಇನ್ನೊಂದು ಘಟನೆ ನಡೆದಾಗ ಮುಂದುವರಿಯುತ್ತಿದ್ದುದು, ಆಗಿನ ವಯಸ್ಸು, ಹೊತ್ತು, ಹವೆ, ಇವೆಲ್ಲಕ್ಕೂ ಇಂಪರ್ಫೆತ್ತೊ ಸರಿ. ‘ಮೆಂತ್ರೆ ಲೆಜ್ಜೇವೊ, ಎ ಅರಿವಾತೊ ಮಾರ್ಕೊ’ ಎಂದರೆ ನಾನು ಓದುತ್ತಿದ್ದಾಗ ಮಾರ್ಕೊ ಬಂದ. ಓದು ಹಿನ್ನೆಲೆ, ಬಂದದ್ದು ಘಟನೆ. ಆದರೆ ‘ಮೂರು ವರ್ಷ’ ಎಂದು ಅವಧಿಗೆ ಗಡಿ ಹಾಕಿದೊಡನೆ ಇಟಾಲಿಯನ್ ಆ ಕಾಲವನ್ನು ಮುಗಿದ ಒಂದು ಗಂಟಾಗಿ ನೋಡುತ್ತದೆ, ಆಗ ‘ಓ ಲವೊರಾತೊ’ದಂಥ ಪಸ್ಸಾತೊ ಪ್ರೊಸ್ಸಿಮೊ, ಅಂದರೆ ಮುಗಿದ ಘಟನೆಯನ್ನು ಹೇಳುವ ಭೂತಕಾಲ, ಬರಲೇಬೇಕು. ‘ಆಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೆ’ ಎಂದಷ್ಟೇ ಹೇಳುವುದಾದರೆ ‘ಲವೊರಾವೊ’ ಸರಿಯೇ. ಕನ್ನಡದ ‘ಉತ್ತಿದ್ದೆ’ ಎರಡೂ ಕಡೆ ಸಲ್ಲುವುದರಿಂದ ನಮಗೆ ಈ ಗಡಿ ಕಾಣುವುದಿಲ್ಲ.

ಇನ್ನೊಂದು ಕಡೆ ಕನ್ನಡವೇ ಕೈ ಹಿಡಿಯುತ್ತದೆ: ‘ಸಪೇವೊ’ ಎಂದರೆ ಗೊತ್ತಿತ್ತು, ‘ಓ ಸಪೂತೊ’ ಎಂದರೆ ಗೊತ್ತಾಯಿತು, ‘ಕೊನೊಶ್ಶೇವೊ’ ಎಂದರೆ ಪರಿಚಯವಿತ್ತು, ‘ಓ ಕೊನೊಶ್ಶೂತೊ’ ಎಂದರೆ ಪರಿಚಯವಾಯಿತು. ‘ಇತ್ತು’, ‘ಆಯಿತು’ಗಳ ಈ ಭೇದವನ್ನು ನೆಚ್ಚಿಕೊಳ್ಳಿ, ಇಂತಹ ಕ್ರಿಯಾಪದಗಳಲ್ಲಿ ಇದು ತರಗತಿಯ ನಿಯಮಕ್ಕಿಂತ ಬೇಗ ಮನಸ್ಸಿಗೆ ಹತ್ತುತ್ತದೆ.

ಮರುಪ್ರಶ್ನೆ: ಧನ್ಯವಾದಗಳು ಮೇಡಂ. ಇಲ್ಲಿನ ಕಾಫಿ ಬಾರ್‌ಗಳಲ್ಲಿ ಕೆಲವರು ‘ವೊಲೇವೊ ಉನ್ ಕಫ್ಫೆ’ ಎಂದು ಕೇಳುತ್ತಾರೆ. ಈಗ ಬೇಕಾದ ಕಾಫಿಗೆ ಭೂತಕಾಲವೇಕೆ?

ಉತ್ತರ: ಅದು ವಿನಯದ ಬಳಕೆ. ನಾವು ಮೇಲಧಿಕಾರಿಯ ಮುಂದೆ ‘ಸಾರ್, ಒಂದು ವಿಷಯ ಕೇಳಬೇಕಿತ್ತು’ ಎನ್ನುವುದಿಲ್ಲವೇ? ಅದೇ ಬಗೆ. ಅದೇ ಕ್ರಿಯಾಪದದ ‘ವೊರ್ರೇಯ್’ ಎಂಬ ರೂಪವೂ ಅಷ್ಟೇ ಮರ್ಯಾದೆಯದು. ‘ವೊಲ್ಯೊ’ ಎಂಬ ವರ್ತಮಾನ ರೂಪವನ್ನು ಮಾತ್ರ ಅಂಗಡಿಗಳಲ್ಲಿ ಬಳಸಬೇಡಿ, ಒರಟಾಗಿ ಕೇಳಿಸುತ್ತದೆ.