ಸಹಾಯ ಬೇಕು: ಹಳೇ ಕ್ಲಾರಿನೆಟ್‌ಗೆ ಎಷ್ಟು ಬೆಲೆ ಸಿಗಬಹುದು?

ಕಾರವಾರದಲ್ಲಿ ನಮ್ಮ ದೊಡ್ಡಪ್ಪ ಮದುವೆ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಕ್ಲಾರಿನೆಟ್ ಈಗ ನನ್ನ ಹತ್ತಿರ ಇದೆ. ಎಬೊನೈಟ್ (ಗಂಧಕ ಸೇರಿಸಿದ ಗಟ್ಟಿ ರಬ್ಬರ್) ಇರಬಹುದಾ ಅಂತ ಉಜ್ಜಿ ಮೂಸಿದೆ. ಗಂಧಕದ ವಾಸನೆ ಇಲ್ಲ, ಹಾಗಾಗಿ ಮರವೇ ಇರಬೇಕು. ತೂತು ತೆರೆದು ಮುಚ್ಚುವ 13 ಕೀ, ತೂತಿನ ಸುತ್ತ ಬಳೆಯಂತಿರುವ 2 ರಿಂಗ್ ಮಾತ್ರ. ಅಂದರೆ ಕೀಗಳ ಜೋಡಣೆ ಹಳೇ ಆಲ್ಬರ್ಟ್ ಪದ್ಧತಿಯದ್ದು, ಈಗ ಹೆಚ್ಚಾಗಿ ಬಳಸುವ ಬೋಹ್ಮ್ ಪದ್ಧತಿಯದ್ದಲ್ಲ.

ಕೀಗಳ ಕೆಳಗಿನ ಪ್ಯಾಡು, ಜೋಡಣೆಯ ಕಾರ್ಕು ಹಾಳಾಗಿವೆ. ಅವನ್ನು ಬದಲಿಸಬಹುದು ಬಿಡಿ. ತಲೆನೋವು ಮೇಲಿನ ತುಂಡಿನ ಬಿರುಕು. ಕೂದಲೆಳೆಯಷ್ಟೇ, ಆದರೆ ಸ್ವರದ ತೂತಿನವರೆಗೂ ಹೋಗಿದೆ. ಎಣ್ಣೆ ಹಚ್ಚು ಅನ್ನುವವರು ಬಹಳ. ನಮ್ಮ ಮಳೆಗಾಲದ ತೇವಕ್ಕೆ ಮರ ಮೊದಲೇ ಉಬ್ಬಿ ಜೋಡಣೆ ಬಿಗಿಯಾಗಿದೆ, ಹಾಗಾಗಿ ಎಣ್ಣೆ ಹಚ್ಚದೆ ಸುಮ್ನೆ ಬಿಟ್ಟಿದ್ದೇನೆ.

ಹಿಂದೆ ‘ಎಚ್‌ಪಿ’ ಮುದ್ರೆ ಇದೆ. ಅದು ಹೈ ಪಿಚ್ (ಈಗಿನದಕ್ಕಿಂತ ಏರಿದ ಹಳೇ ಶ್ರುತಿ) ಆಗಿದ್ದರೆ ಇಂದಿನ ವಾದ್ಯಗಳ ಜೊತೆ ಶ್ರುತಿ ಕೂಡಲ್ಲ, ಬೆಲೆಯೂ ಇಳಿಯುತ್ತೆ ಅಲ್ವಾ? ಹುಬ್ಬಳ್ಳಿ ಅಥವಾ ಗೋವಾ ಕಡೆ ಬಿರುಕು ಕೂಡಿಸುವವರು ಗೊತ್ತಿದ್ದರೆ ತಿಳಿಸಿ. ಫೋಟೋ ಕಳಿಸುತ್ತೇನೆ.